ಫ್ಯಾಮಿಲಿ ಫೋಟೋದಲ್ಲಿ ಯಾರಿಗೆ ಕುರ್ಚಿ, ಯಾರಿಗೆ ಅಂಚು?

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಕೋಲಾರದ ಬಸ್ ಸ್ಟ್ಯಾಂಡ್ ಸುತ್ತಮುತ್ತಲಾಗಲಿ, ಫೋಟೋ ಸ್ಟುಡಿಯೋ ಇಟ್ಟುಕೊಂಡವರನ್ನು ಒಮ್ಮೆ ಮಾತಾಡಿಸಿ ನೋಡಿ. ಪಾಸ್‌ಪೋರ್ಟ್ ಸೈಜ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್ ಜೊತೆಗೆ ಈಗ ಇನ್ನೊಂದು ತರಹದ ಕೆಲಸ ಬರುತ್ತಿದೆ. ಗಿರಾಕಿ ಮೊಬೈಲ್ ತೆಗೆದು ಎರಡು ಫೋಟೋ ತೋರಿಸುತ್ತಾರೆ. ಒಂದರಲ್ಲಿ ಮಗನ ಮದುವೆ. ಇನ್ನೊಂದರಲ್ಲಿ ತೀರಿಕೊಂಡ ಯಜಮಾನರ ಮುಖ, ಅದೂ ಆಧಾರ್ ಕಾರ್ಡಿನದ್ದು. "ಇವರನ್ನ ಇಲ್ಲಿ ನಿಲ್ಲಿಸಿಕೊಡಿ, ಅಮ್ಮನ ಪಕ್ಕ." ಇದರ ಉಲ್ಟಾ ಕೆಲಸವೂ ಬರುತ್ತದೆ. ಬೇರೆ ಜಾತಿಯವನನ್ನು ಕಟ್ಟಿಕೊಂಡು ಹೋದ ಮಗಳು, ಡೈವೋರ್ಸ್ ಆದ ಸೊಸೆ, ಜಮೀನಿನ ವಿಷಯಕ್ಕೆ ಮಾತು ಬಿಟ್ಟ ತಮ್ಮ. "ಇವರೊಬ್ಬರನ್ನ ತೆಗೆದುಬಿಡಿ."

ಸೇರಿಸಿ ಅನ್ನುವವರೂ ತೆಗೆಯಿರಿ ಅನ್ನುವವರೂ ಕೇಳುವುದು ಒಂದೇ ಕೆಲಸವನ್ನು. ನಮ್ಮ ಮನೆ ಅಂದರೆ ಇಷ್ಟು ಜನ ಅಂತ ಕಾಗದದ ಮೇಲೆ ತೀರ್ಮಾನ ಮಾಡಿಕೊಡಿ ಅನ್ನುತ್ತಿದ್ದಾರೆ.

ಫೋಟೋ ಸುಳ್ಳು ಹೇಳಲ್ಲ ಅಂತ ನಾವೆಲ್ಲ ಒಂದು ಕಾಲಕ್ಕೆ ನಂಬಿದ್ದೆವು. ಈಗ ಎಐ ಬಂದು ಎಲ್ಲ ಕೆಟ್ಟುಹೋಯಿತು ಅಂತ ಗೊಣಗುತ್ತೇವೆ. ನನಗೆ ಹಾಗೆ ಅನಿಸುವುದಿಲ್ಲ. ಫ್ಯಾಮಿಲಿ ಫೋಟೋ ಮೊದಲಿಂದಲೂ ಮನೆಯವರನ್ನು ಜೋಡಿಸುವ, ಅಳತೆಗೆ ಕತ್ತರಿಸುವ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಯಾರು ಕೂರಬೇಕು, ಯಾರು ನಿಲ್ಲಬೇಕು, ಯಾರು ಅಂಚಿಗೆ ಸರಿಯಬೇಕು ಅನ್ನುವುದನ್ನು ಯಾರೋ ಒಬ್ಬರು ಯಾವಾಗಲೂ ಹೇಳುತ್ತಲೇ ಇದ್ದರು. ಹೇಳುವವರು ಮಾತ್ರ ಬದಲಾಗಿದ್ದಾರೆ.

ರಾಣಿಯ ಆಲ್ಬಂ, ಗಣಿಯ ಗುಂಪು

ಫೋಟೋ ತೆಗೆಯುವ ವಿದ್ಯೆ 1839ರಲ್ಲಿ ಜಗತ್ತಿಗೆ ಗೊತ್ತಾಯಿತು. ಮೊದಮೊದಲು ಅದು ಸಾಹುಕಾರರ ಸೊತ್ತು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬ ಫೋಟೋಗ್ರಾಫರ್ ಒಂದೇ ಪ್ಲೇಟಿನ ಮೇಲೆ ಹಲವು ಚಿಕ್ಕ ಫೋಟೋ, ಸಾಮಾನ್ಯವಾಗಿ ಎಂಟು, ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ವಿಸಿಟಿಂಗ್ ಕಾರ್ಡಿನ ಅಳತೆಯ ಫೋಟೋ, ಬೆಲೆಯೂ ಕಮ್ಮಿ. ಇಂಥ ಕಾರ್ಡುಗಳನ್ನು ಇಡುವುದಕ್ಕೆ ಪುಸ್ತಕ ಬೇಕಾಯಿತು, ಹಾಗೆ ಫ್ಯಾಮಿಲಿ ಆಲ್ಬಂ ಮನೆಗಳಿಗೆ ಬಂತು. 1860ರಲ್ಲಿ ವಿಕ್ಟೋರಿಯಾ ರಾಣಿ ತನ್ನ, ತನ್ನ ಗಂಡನ, ಮಕ್ಕಳ ಫೋಟೋಗಳನ್ನು ಈ ಅಳತೆಯಲ್ಲಿ ಮಾರುವುದಕ್ಕೆ ಒಪ್ಪಿದಳು. ಆ ಫೋಟೋಗಳಲ್ಲಿ ಅವಳು ಮಹಾರಾಣಿಗಿಂತ ಹೆಚ್ಚಾಗಿ ಒಬ್ಬನ ಹೆಂಡತಿ, ಮಕ್ಕಳ ತಾಯಿ. ಜನ ಮುಗಿಬಿದ್ದು ಕೊಂಡು, ತಮ್ಮ ಮನೆಯವರ ಪಕ್ಕದ ಪುಟದಲ್ಲೇ ರಾಣಿಯ ಸಂಸಾರವನ್ನೂ ಇಟ್ಟುಕೊಂಡರು. ಒಳ್ಳೆಯ ಸಂಸಾರ ಹೇಗೆ ನಿಲ್ಲುತ್ತದೆ, ಹೇಗೆ ಕೂರುತ್ತದೆ ಅನ್ನುವ ಮಾದರಿ ಬ್ರಿಟನ್ನಿನ ಮಧ್ಯಮ ವರ್ಗಕ್ಕೆ ಅಲ್ಲಿಂದ ಸಿಕ್ಕಿತು. ಆಮೇಲೆ ಕೊಡಾಕ್ ಬಂತು. 1888ರಲ್ಲಿ ಅದರ ಮೊದಲ ಕ್ಯಾಮೆರಾ, 1900ರಲ್ಲಿ ಒಂದು ಡಾಲರಿನ ಬ್ರೌನಿ. ಮಕ್ಕಳ ಬಾಲ್ಯವನ್ನು ಹಿಡಿದಿಡುವುದು ತಾಯಿಯ ಕರ್ತವ್ಯ ಅಂತ ಕಂಪನಿಯ ಜಾಹೀರಾತುಗಳೇ ಹೇಳಿಕೊಟ್ಟವು.

ನಮ್ಮ ಕಡೆಗೆ ಬರೋಣ. 1880ರಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. ಗಣಿ ಕಾಲದ ಹಳೆಯ ಫೋಟೋ ನೋಡಿದವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಿಳಿಯ ಅಧಿಕಾರಿ ಬಂಗಲೆ ಮುಂದೆ ಹೆಂಡತಿ ಮಕ್ಕಳ ಜೊತೆ ಇರುತ್ತಾನೆ, ಕೆಲವೊಮ್ಮೆ ನಾಯಿಯೂ ಇರುತ್ತದೆ. ಕಾರ್ಮಿಕರು ಹೆಚ್ಚಾಗಿ ಕಾಣುವುದು ಗಣಿಗೆ ಇಳಿಯುವ ಶಾಫ್ಟ್ ಹತ್ತಿರ, ಸಾಲಾಗಿ, ಹೆಸರಿಲ್ಲದ ಗುಂಪಾಗಿ. ಅಧಿಕಾರಿಗೆ ಸಂಸಾರ ಇದೆ, ಕೂಲಿಯವನಿಗೆ ಗ್ಯಾಂಗ್ ಇದೆ. ಕೂಲಿಯವನಿಗೂ ಹೆಂಡತಿ ಮಕ್ಕಳಿದ್ದರು, ಪುಟ್ಟ ಲೈನ್ ಮನೆಯಲ್ಲಿ ತುಂಬು ಸಂಸಾರವೇ ಇತ್ತು. ಅದನ್ನು ಫೋಟೋ ಮಾಡುವ ಗರಜು ಕಂಪನಿಗೆ ಇರಲಿಲ್ಲ, ಅಷ್ಟೆ. ಅವನಿಗೆ ಬೇಕಿದ್ದರೆ ಸಂಬಳದ ದಿನ ಎಲ್ಲರಿಗೂ ಒಳ್ಳೆಯ ಬಟ್ಟೆ ಹಾಕಿಸಿ ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋ ಹತ್ತಬೇಕಿತ್ತು.

ಬೆಂಗಳೂರಲ್ಲಿ ಜಿ.ಕೆ. ವೇಲ್ ಸ್ಟುಡಿಯೋ ಶುರುವಾದದ್ದು 1910ರಲ್ಲಿ. ಅಂಥ ದೊಡ್ಡ ಸ್ಟುಡಿಯೋಗಳ ರೀತಿ ರಿವಾಜೇ ನಿಧಾನಕ್ಕೆ ತಾಲ್ಲೂಕು ಕೇಂದ್ರಗಳಿಗೂ ಇಳಿಯಿತು. ಬಣ್ಣ ಬಳಿದ ಪರದೆ, ಅದರಲ್ಲಿ ಯಾವುದೋ ಅರಮನೆ ಮೆಟ್ಟಿಲು, ಪಕ್ಕಕ್ಕೊಂದು ಹೂಕುಂಡದ ಸ್ಟ್ಯಾಂಡ್, ನಡುವೆ ಕೈ ಇರುವ ಒಂದು ಕುರ್ಚಿ. ಆ ಕುರ್ಚಿ ಯಾರಿಗೆ ಅನ್ನುವುದರಲ್ಲೇ ಎಲ್ಲ ಇದೆ. ಗಂಡ ಕೂತು ಹೆಂಡತಿ ಪಕ್ಕದಲ್ಲಿ ನಿಂತ ಫೋಟೋ ನಿಮ್ಮ ಮನೆಯಲ್ಲೂ ಒಂದು ಇರುತ್ತದೆ, ಅಲ್ವಾ? ಅವಳು ಆರು ಹೆತ್ತವಳಿರಬಹುದು, ಬೆಳಗಿನಿಂದ ರಾಗಿ ಬೀಸಿ ಬಂದವಳಿರಬಹುದು, ಆದರೂ ನಿಂತಿರುತ್ತಾಳೆ. ಅಜ್ಜಿಗೆ ಕುರ್ಚಿ ಸಿಗುವುದು ಅಜ್ಜ ಹೋದ ಮೇಲೆ, ಅಥವಾ ಮಂಡಿ ನೋವು ಜೋರಾದ ಮೇಲೆ.

ಹೆಣ್ಣುಮಕ್ಕಳ ಫೋಟೋದ್ದು ಬೇರೆಯೇ ಕಥೆ. ಮೊಗ್ಗಿನ ಜಡೆ ಹಾಕಿಸಿ, ಹಿಂದೆ ನಿಲುವುಗನ್ನಡಿ ಇಟ್ಟು, ಮುಖವೂ ಜಡೆಯೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆಸುವುದು ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚುಕಡಿಮೆ ಒಂದು ಶಾಸ್ತ್ರವೇ ಆಗಿತ್ತು. ಕೆಲವು ವರ್ಷ ಕಳೆದರೆ ಇನ್ನೊಂದು ಫೋಟೋ, ಈ ಸಲ ಗಂಡಿನ ಕಡೆಯವರಿಗೆ ಕಳಿಸುವುದಕ್ಕೆ. ಸೀರೆ ಉಟ್ಟು, ತಲೆಯಿಂದ ಕಾಲಿನವರೆಗೆ ಕಾಣುವ ಹಾಗೆ. "ಸ್ವಲ್ಪ ಬೆಳ್ಳಗೆ ಮಾಡಿ" ಅನ್ನುವ ಮಾತು ಆವಾಗಲೂ ಇತ್ತು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿ ಮಾಡುವ ಕೈಗಳು ಇದ್ದವು. ಈಗ ಅದನ್ನು ಫಿಲ್ಟರ್ ಮಾಡುತ್ತದೆ, ಕೇಳದೆಯೇ ಮಾಡುತ್ತದೆ. ಒಂದು ಸಂಸಾರ ಹುಟ್ಟುವುದಕ್ಕೆ ಮುಂಚೆಯೇ ಅದರ ನಡುವೆ ಒಂದು ತಿದ್ದಿದ ಫೋಟೋ ಓಡಾಡಿರುತ್ತದೆ.

ಹಳ್ಳಿಗಳಲ್ಲಿ ಬಹಳ ದಿನ ಫೋಟೋ ಅಂದರೆ ಹಿಂಜರಿಕೆ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿ ಆಗುತ್ತದೆ ಅನ್ನುತ್ತಿದ್ದರು. ಹಾಗಾಗಿ ಬದುಕಿದ್ದಾಗ ಒಂದೂ ಫೋಟೋ ಇಲ್ಲದವರಿಗೆ ಸತ್ತ ದಿನವೇ ಮೊದಲ ಫೋಟೋ. ಹೆಣವನ್ನು ಗೋಡೆಗೋ ಕುರ್ಚಿಗೋ ಒರಗಿಸಿ ಕೂರಿಸಿ, ಹಣೆಗೆ ವಿಭೂತಿಯೋ ನಾಮವೋ ಇಟ್ಟು, ಸುತ್ತಲೂ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಸ್ಟುಡಿಯೋದವರು ಆ ಮುಖವನ್ನಷ್ಟೇ ಕತ್ತರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಬ್ರಷ್ಷಿನಿಂದ ತೆರೆದ ಕಣ್ಣು ಬರೆದು, ಜೀವಮಾನದಲ್ಲಿ ಕೋಟು ತೊಡದವನಿಗೆ ಕೋಟು ತೊಡಿಸಿ ಫ್ರೇಮ್ ಹಾಕಿ ಕೊಡುತ್ತಿದ್ದರು. ಗಂಡನ ಮುಖ ಒಂದು ಕಡೆಯಿಂದ, ಹೆಂಡತಿಯ ಮುಖ ಇನ್ನೊಂದು ಕಡೆಯಿಂದ ತಂದು ಜೋಡಿ ಫೋಟೋ ಮಾಡುವುದೂ ಇತ್ತು. ಒಟ್ಟಿಗೆ ಒಂದು ದಿನವೂ ಕ್ಯಾಮೆರಾ ಮುಂದೆ ನಿಲ್ಲದವರು ಗೋಡೆ ಮೇಲೆ ಐವತ್ತು ವರ್ಷ ಜೋಡಿಯಾಗಿ ಇದ್ದಾರೆ. ಇದನ್ನು ಯಾರೂ ಮೋಸ ಅಂತ ಕರೆಯಲಿಲ್ಲ. ಮೊಮ್ಮಕ್ಕಳಿಗೆ ತೋರಿಸುವುದಕ್ಕೆ ಒಂದು ಮುಖ ಬೇಕಿತ್ತು, ಸಿಕ್ಕಿತು.

ಗೋಡೆಯ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಪಡಸಾಲೆಯ ಗೋಡೆ ಮೇಲೆ ಬರೀ ರಕ್ತಸಂಬಂಧಿಗಳು ಇರುವುದಿಲ್ಲ. ವೆಂಕಟರಮಣಸ್ವಾಮಿ ಇರುತ್ತಾನೆ, ಕೈವಾರ ತಾತಯ್ಯ ಇರುತ್ತಾರೆ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪೇಟ ಹಾಕಿಕೊಂಡು ಇರುತ್ತಾರೆ. ಕೋಲಾರ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರು ಸುಮಾರು ಶೇ 30. ಅಲ್ಲಿನ ಎಷ್ಟೋ ಮನೆಗಳಲ್ಲಿ ತಾತನ ಫೋಟೋ ಇಲ್ಲ, ಅಂಬೇಡ್ಕರ್ ಫೋಟೋ ಇದೆ. ತಾತನಿಗೆ ಸ್ಟುಡಿಯೋ ಮೆಟ್ಟಿಲು ಹತ್ತುವ ದುಡ್ಡೂ ಇರಲಿಲ್ಲ, ಹತ್ತಿದರೂ ಒಳಗೆ ಕುರ್ಚಿ ಕೊಡುವವರು ಇರಲಿಲ್ಲ. ಹಿರಿಯರ ಆ ಖಾಲಿ ಜಾಗದಲ್ಲಿ ನೀಲಿ ಕೋಟಿನ ಒಬ್ಬ ಹಿರಿಯ ಬಂದು ಕೂತಿದ್ದಾನೆ. ಕುಟುಂಬ ಅನ್ನುವುದರ ಬಗ್ಗೆ ಯಾವ ವೆಡ್ಡಿಂಗ್ ಆಲ್ಬಂಗಿಂತಲೂ ಆ ಗೋಡೆ ನನಗೆ ಜಾಸ್ತಿ ಹೇಳುತ್ತದೆ.

ಸರ್ಕಾರ ತೆಗೆದ ಫೋಟೋ

ನಾವು ಇದನ್ನು ಮರೆತೇಬಿಡುತ್ತೇವೆ. ಕುಟುಂಬದ ಚಿತ್ರವನ್ನು ಅತಿ ಹೆಚ್ಚು ಗೋಡೆಗಳ ಮೇಲೆ ಬರೆಸಿದ್ದು, ಅಂಟಿಸಿದ್ದು ಸರ್ಕಾರ. ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. 1952ರಲ್ಲಿ ದೇಶಕ್ಕೇ ಕುಟುಂಬ ಯೋಜನೆ ಬಂತು. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ, ಬಸ್ಸಿನ ಹಿಂಭಾಗ, ಬೆಂಕಿಪೊಟ್ಟಣ, ಎಲ್ಲ ಕಡೆ ಆ ಯೋಜನೆಯ ಗುರುತಾದ ಕೆಂಪು ತ್ರಿಕೋನ. ಪಕ್ಕದಲ್ಲಿ ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು. "ಆರತಿಗೊಬ್ಬಳು ಕೀರ್ತಿಗೊಬ್ಬ" ಅನ್ನುವ ಮಾತು. ಆ ಚಿತ್ರದಲ್ಲಿ ಅಜ್ಜಿ ಇಲ್ಲ. ಗಂಡ ಬಿಟ್ಟು ತವರಿಗೆ ಬಂದ ಅತ್ತೆ ಇಲ್ಲ. ಮದುವೆಯಾಗದೆ ಉಳಿದ ಚಿಕ್ಕಪ್ಪ ಇಲ್ಲ. ಆ ಕಾಲದ ನಿಜವಾದ ಮನೆಗಳು ಇವರಿಂದಲೇ ತುಂಬಿದ್ದವು. ನಾಲ್ಕು ಜನರ ನಗುವ ಸಂಸಾರ ಅನ್ನುವುದು ಮೊದಲು ಗೋಡೆಗೆ ಬಂತು, ಮನೆಗೆ ಬಂದದ್ದು ಆಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಪೋಸ್ಟರಿನ ಎರಡು ಮಕ್ಕಳಿಗಿಂತಲೂ ಕೆಳಗೆ ಇಳಿದಾಯಿತು. ಇದಕ್ಕೆ ಚಿತ್ರವೊಂದೇ ಕಾರಣ ಅಂತ ಹೇಳುವುದು ದಡ್ಡತನ. ಹೆಣ್ಣುಮಕ್ಕಳ ಓದು, ಆಸ್ಪತ್ರೆ, ಜಮೀನು ತುಂಡಾದದ್ದು, ಬೆಂಗಳೂರಿನ ಬಾಡಿಗೆ, ಎಲ್ಲ ಸೇರಿದೆ. ಆದರೆ ಚಿಕ್ಕ ಸಂಸಾರ ನೋಡೋಕೆ ಚೆಂದ ಅನ್ನುವ ರುಚಿ ಹತ್ತಿಸಿದ್ದು ಆ ಚಿತ್ರ.

ಎರಡನೆಯದು ಗುರುತಿನ ಚೀಟಿ. 1993ರಲ್ಲಿ, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, ಫೋಟೋ ಇರುವ ಮತದಾರರ ಚೀಟಿ ಶುರುವಾಯಿತು. ಬಾಗೇಪಲ್ಲಿ, ಶ್ರೀನಿವಾಸಪುರ ಕಡೆಯ ಹಳ್ಳಿಗಳ ಎಷ್ಟೋ ಅಜ್ಜಿಯರು ಜೀವನದಲ್ಲಿ ಮೊದಲ ಸಲ ಒಬ್ಬರೇ ಕ್ಯಾಮೆರಾ ಮುಂದೆ ಕೂತದ್ದು ಆ ಚೀಟಿಗಾಗಿ. ಗಂಡನ ಪಕ್ಕದಲ್ಲಿ ಅಲ್ಲ, ಮಗನ ಹಿಂದೆ ಅಲ್ಲ, ಒಬ್ಬರೇ. ಕೊನೆಗೆ ಅವರು ತೀರಿಕೊಂಡಾಗ ದೊಡ್ಡದು ಮಾಡಿಸಿ ಹಾರ ಹಾಕಿದ್ದೂ ಅದೇ ಫೋಟೋಗೆ. ಗಾಬರಿಗೊಂಡ ಆ ಮುಖವೇ ಮನೆಯವರ ನೆನಪಿನಲ್ಲಿ ಉಳಿದ ಅಜ್ಜಿಯ ಮುಖ. ಸರ್ಕಾರಿ ಕ್ಯಾಮೆರಾ ಮುಂದೆ ನಗುವುದಕ್ಕೆ ಯಾರಿಗೆ ತಾನೇ ಬರುತ್ತದೆ ಹೇಳಿ.

ಮೂರನೆಯದು ರೇಷನ್ ಕಾರ್ಡ್. ಕಾರ್ಡಿಗೆ ಮನೆಯವರ ಫೋಟೋ ಬೇಕು ಅಂದ ಕೂಡಲೇ ಮನೆ ಅಂದರೆ ಯಾರು ಅನ್ನುವ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಕಾರ್ಡಿಗೋಸ್ಕರ ಎರಡು ಮನೆಯಾದದ್ದುಂಟು. 2013ರ ಆಹಾರ ಭದ್ರತಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 18 ದಾಟಿದ ಹಿರಿಯ ಹೆಂಗಸೇ ಕಾರ್ಡಿನ ಮಟ್ಟಿಗೆ ಮನೆಯ ಮುಖ್ಯಸ್ಥೆ ಅಂತ ಹೇಳಿತು. ಅಂದರೆ ಪಡಸಾಲೆಯ ಫೋಟೋದಲ್ಲಿ ಕುರ್ಚಿ ಮೇಲೆ ಕೂತವನು ಗಂಡಸು, ಬೀರುವಿನೊಳಗಿನ ಕಾರ್ಡಿನಲ್ಲಿ ಯಜಮಾನಿ ಹೆಂಗಸು. ಬಹಳ ವರ್ಷ ಈ ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು, ಯಾಕೆಂದರೆ ಕಾರ್ಡಿನ ಯಜಮಾನಿಕೆಗೆ ಕಾಸಿನ ಬೆಲೆ ಇರಲಿಲ್ಲ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಗಿ ತಿಂಗಳಿಗೆ 2000 ರೂಪಾಯಿ ಅಂದಾಗ ನೋಡಿ, ಯಜಮಾನಿ ಅತ್ತೆಯೋ ಸೊಸೆಯೋ ಅನ್ನುವ ಚರ್ಚೆ ರಾಜ್ಯದ ತುಂಬ ಎದ್ದಿತು. ಟಿವಿಯಲ್ಲಿ ಇದನ್ನು ಹಾಸ್ಯ ಮಾಡಿದರು. ನನಗೆ ಅದು ಹಾಸ್ಯ ಅನಿಸಲಿಲ್ಲ. ಫೋಟೋದಲ್ಲಿ ನಡುವೆ ಯಾರು ಅನ್ನುವ ಪ್ರಶ್ನೆಯನ್ನು ಹೆಂಗಸರು ಮೊದಲ ಸಲ ಬಾಯಿಬಿಟ್ಟು ಕೇಳಿದ್ದರು.

ಇದೇ ಪ್ರಶ್ನೆ ಶಾಲೆಯಲ್ಲೂ ಬರುತ್ತದೆ, ಅಲ್ಲಿ ಪೆಟ್ಟು ಮಕ್ಕಳಿಗೆ. ಒಂದನೇ ಕ್ಲಾಸಿನ ಮಗುವಿಗೆ "ನನ್ನ ಕುಟುಂಬ" ಅಂತ ಚಾರ್ಟ್ ಮಾಡಿಕೊಂಡು ಬಾ ಅನ್ನುತ್ತಾರೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ನಾನು, ಒಂದೊಂದಕ್ಕೆ ಒಂದೊಂದು ಚೌಕ. ಅಪ್ಪ ಬಿಟ್ಟುಹೋದ ಮಗು ಆ ಚೌಕದಲ್ಲಿ ಏನು ಅಂಟಿಸಬೇಕು? ಎಷ್ಟು ಚೌಕ ಬೇಕೋ ಅಷ್ಟನ್ನು ಮಗುವೇ ಬರೆದುಕೊಳ್ಳಲಿ ಅಂತ ಬಿಟ್ಟರೆ ಮುಗಿಯಿತು. ಇಷ್ಟು ಸಣ್ಣ ವಿಷಯ, ಆದರೂ ವರ್ಷ ವರ್ಷ ಅದೇ ಪ್ರಿಂಟೆಡ್ ಚಾರ್ಟ್.

"ಗಂಡಿನ ಕಡೆಯವರು ಬನ್ನಿ"

ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1960ರ ದಶಕದಲ್ಲಿ ಸಾಮಾನ್ಯ ಜನ ಫೋಟೋ ಯಾಕೆ ತೆಗೆಯುತ್ತಾರೆ ಅಂತ ಅಧ್ಯಯನ ಮಾಡಿದ್ದ. ಮಕ್ಕಳಿರುವ ಮನೆಯಲ್ಲಿ ಕ್ಯಾಮೆರಾ ಜಾಸ್ತಿ, ತೆಗೆಯುವುದೂ ಹಬ್ಬ, ಮದುವೆ, ರಜೆಯಲ್ಲೇ ಜಾಸ್ತಿ ಅನ್ನುವುದು ಅವನು ಕಂಡ ಸಂಗತಿ. ಮನೆಯವರೆಲ್ಲ ಒಂದು ಅನ್ನುವ ಭಾವನೆಯನ್ನು ಗಟ್ಟಿ ಮಾಡಿಕೊಳ್ಳುವ ಶಾಸ್ತ್ರ ಅದು ಅಂತ ಅವನು ಹೇಳಿದ. ನಮ್ಮ ಚೌಲ್ಟ್ರಿಯಲ್ಲಿ ಆರತಕ್ಷತೆಯ ಸ್ಟೇಜ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಆ ಸ್ಟೇಜಿನ ಮೇಲೆ ಎರಡು ಮೂರು ಗಂಟೆ ಕಾಲ ಪುರೋಹಿತರಿಗಿಂತ ಫೋಟೋಗ್ರಾಫರ್ ದೊಡ್ಡವನು. "ಗಂಡಿನ ಕಡೆಯವರು ಬನ್ನಿ. ಸೋದರಮಾವ ಎಲ್ಲಿ? ಅಕ್ಕ ಭಾವ ಈ ಕಡೆ. ಬರೀ ಮನೆಯವರು ನಿಂತ್ಕೊಳ್ಳಿ, ಉಳಿದವರು ಆಮೇಲೆ." ಈ "ಬರೀ ಮನೆಯವರು" ಅನ್ನುವ ಮಾತಿಗೆ ಎಷ್ಟು ಕಾಲು ಮುಂದೆ ಬಂದು ಹಿಂದಕ್ಕೆ ಹೋಗುತ್ತವೆ ಗಮನಿಸಿ. ಗಂಡ ಸತ್ತ ಚಿಕ್ಕಮ್ಮ ತಾನಾಗಿಯೇ ಊಟದ ಹಾಲ್ ಕಡೆ ನಡೆಯುತ್ತಾಳೆ. ಮನೆಯಲ್ಲೇ ಬೆಳೆದ ದೂರದ ನೆಂಟರ ಹುಡುಗ ನಿಲ್ಲಲೋ ಬೇಡವೋ ಅಂತ ನೋಡುತ್ತಾನೆ. ಇಪ್ಪತ್ತು ವರ್ಷ ಹಸು ನೋಡಿಕೊಂಡು, ಕರುಗಳಿಗೆ ಹುಲ್ಲು ಹಾಕಿಕೊಂಡಿದ್ದವನು ಸ್ಟೇಜ್ ಹತ್ತುವುದೇ ಇಲ್ಲ. ಫೋಟೋಗ್ರಾಫರನಿಗೆ ಇವರ ಮೇಲೆ ದ್ವೇಷವೇನಿಲ್ಲ, ಅವನಿಗೆ ಫ್ರೇಮ್ ತುಂಬಬೇಕು, ಬೇಗ ಮುಗಿಯಬೇಕು. ಆದರೆ ಹತ್ತು ವರ್ಷ ಆದ ಮೇಲೆ ಆಲ್ಬಂ ತೆರೆದು ನೋಡುವ ಮಗುವಿಗೆ ನಮ್ಮವರು ಅಂದರೆ ಆ ಫ್ರೇಮಿನೊಳಗೆ ನಿಂತವರು ಮಾತ್ರ. ಕರೆ ಬಂದರೂ ಹೋಗದೆ ಹಿಂದಿನ ಸಾಲಿನ ಕುರ್ಚಿಯಲ್ಲೇ ಉಳಿದವರ ಲೆಕ್ಕ ಯಾವ ಆಲ್ಬಂನಲ್ಲೂ ಸಿಗುವುದಿಲ್ಲ.

ಆಲ್ಬಂ ಕೂಡ ಬದಲಾಗಿದೆ. ಹಳೆಯ ಆಲ್ಬಂ ಚಪ್ಪರದಿಂದ ಶುರುವಾಗುತ್ತಿತ್ತು. ಅರಿಶಿನ, ಧಾರೆ, ತಾಳಿ, ಮುಯ್ಯಿ ಕೊಡುವವರ ಉದ್ದದ ಸಾಲು. ಮದುಮಕ್ಕಳಿಬ್ಬರೇ ಇರುವ ಫೋಟೋ ಒಂದೋ ಎರಡೋ. ರೋಲಿಗೆ 36 ಫೋಟೋ ಅಷ್ಟೇ, ಹಾಗಾಗಿ ಲೆಕ್ಕ ಹಾಕಿ ಕ್ಲಿಕ್ ಮಾಡುತ್ತಿದ್ದರು, ಆ ಲೆಕ್ಕದಲ್ಲಿ ನೆಂಟರಿಗೇ ಮೊದಲ ಪಾಲು. ಈಗಿನ ಕರಿಷ್ಮಾ ಆಲ್ಬಂ, ಅಂದರೆ ಹಾಳೆಯ ಮೇಲೇ ಫೋಟೋ ಪ್ರಿಂಟ್ ಮಾಡಿ ಪುಸ್ತಕದ ಹಾಗೆ ಕಟ್ಟಿದ್ದು, ತೆರೆದರೆ ಮೊದಲ ಹಲವು ಹಾಳೆ ತುಂಬ ಬರೀ ಹುಡುಗ ಹುಡುಗಿ. ನಂದಿ ಬೆಟ್ಟದ ಮಂಜು, ಆವಲಬೆಟ್ಟದ ಬಂಡೆ, ಕೆಜಿಎಫ್ ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ಹಾರುವ ಉದ್ದ ಗೌನು. ನೆಂಟರು ಕೊನೆಯ ಹಾಳೆಗಳಲ್ಲಿ ಅಂಚೆಚೀಟಿ ಗಾತ್ರಕ್ಕೆ ಇಳಿದಿದ್ದಾರೆ. ಸಂಸಾರದ ನಡುವಿನ ಜಾಗ ಬಳಗದಿಂದ ಜೋಡಿಗೆ ಸರಿದಿದೆ, ಅದನ್ನು ಈ ಆಲ್ಬಂನಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ.

ಪ್ರೀ ವೆಡ್ಡಿಂಗ್ ಶೂಟ್ ಬಗ್ಗೆ ಹಿರಿಯರು ಮುಖ ಸಿಂಡರಿಸುತ್ತಾರೆ. ತಾಳಿ ಕಟ್ಟೋಕೆ ಮುಂಚೆ ಇದೇನು ಅಂತ. ನಾನು ಅವರ ಪರ ಪೂರ್ತಿ ಇಲ್ಲ. ಮನೆಯವರು ನೋಡಿ ಒಪ್ಪಿಸಿದ ಮದುವೆಯಲ್ಲಿ ಹುಡುಗ ಹುಡುಗಿ ಒಂದು ಇಡೀ ದಿನ ಒಟ್ಟಿಗೆ ಓಡಾಡಿ, ಹಸಿದಾಗ ಒಬ್ಬರ ಸಿಟ್ಟು ಇನ್ನೊಬ್ಬರು ನೋಡುವ ಅವಕಾಶ ಎಷ್ಟೋ ಸಲ ಈ ಶೂಟಿನಿಂದಲೇ ಸಿಗುತ್ತದೆ. ಒಳ್ಳೆಯದೇ ಆಯಿತು. ಬೇಸರ ಇರುವುದು ಎರಡು ವಿಷಯಕ್ಕೆ. ಒಂದು, ಖರ್ಚು ಸದ್ದಿಲ್ಲದೆ ಹೆಣ್ಣಿನ ಕಡೆಗೆ ಜಾರುತ್ತದೆ. ಟೊಮೆಟೊ ರೇಟು ಬಿದ್ದ ವರ್ಷ ಡ್ರೋನ್ ಶಾಟ್‌ಗೆ ಸಾಲ ಮಾಡುವ ಅಪ್ಪಂದಿರು ಇದ್ದಾರೆ. ಇನ್ನೊಂದು, ಪ್ರೀತಿ ಮಾಡುವುದನ್ನೂ ಬೇರೆಯವರು ಹೇಳಿಕೊಡುತ್ತಾರೆ. ಹಣೆಗೆ ಹಣೆ ತಾಗಿಸಿ, ಅವಳ ಸೆರಗು ಹಿಡಿ, ಈಗ ನಗಿ, ಈಗ ದೂರ ನೋಡಿ. ಹತ್ತು ಜೋಡಿಯ ಫೋಟೋ ಪಕ್ಕಪಕ್ಕ ಇಟ್ಟರೆ ಮುಖ ಬೇರೆ, ಮಿಕ್ಕಿದ್ದೆಲ್ಲ ಒಂದೇ.

ಫ್ಲೆಕ್ಸ್ ಇನ್ನೊಂದು ಲೋಕ. ಗೃಹಪ್ರವೇಶ, ನಾಮಕರಣ, ಊರ ಹಬ್ಬ, ಯಾವುದಕ್ಕೂ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಏಳುತ್ತದೆ. ಮೇಲೆ ಮೂಲೆಯ ಮೋಡದಲ್ಲಿ ತೀರಿಕೊಂಡ ಹಿರಿಯರು, ಅವರ ಪಕ್ಕ ಶಾಸಕರು, ನಡುವೆ ಮನೆಯವರು, ಕೆಳಗೆ ಕೈಮುಗಿದ ಹಿತೈಷಿಗಳ ಸಾಲು. ಹೆಣ್ಣುಮಕ್ಕಳು ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ಗಾಳಿಗೆ ಹರಿದ ಮೇಲೆ ಅದು ಹಸುವಿನ ಕೊಟ್ಟಿಗೆಗೆ ಮರೆಯಾಗುತ್ತದೆ.

ಫೋನಿನೊಳಗಿನ ಯಜಮಾನ

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಹಾಗಾದರೆ ಎಲ್ಲರೂ ಫ್ರೇಮಿನೊಳಗೆ ಬಂದರಾ? ನಿಮ್ಮ ಫೋನಿನಲ್ಲಿ ಕಳೆದ ಹಬ್ಬದ ಫೋಟೋ ತೆಗೆದು ನೋಡಿ. ಒಬ್ಬಟ್ಟು ತಟ್ಟಿದವರು ಎಷ್ಟು ಫೋಟೋದಲ್ಲಿದ್ದಾರೆ? ಮಕ್ಕಳದ್ದು ನೂರು ಫೋಟೋ ಇದ್ದರೆ ಅಮ್ಮನದ್ದು ಮೂರು, ಅದರಲ್ಲೂ ಎರಡರಲ್ಲಿ ಅರ್ಧ ಭುಜ ಮಾತ್ರ. ಯಾಕೆಂದರೆ ತೆಗೆದವಳು ಅವಳೇ.

ಜೊತೆಗೆ ಫೋನು ತಾನಾಗಿ ಮನೆಯವರನ್ನು ಗುರುತಿಸುತ್ತದೆ. 2015ರಲ್ಲಿ ಬಂದ ಗೂಗಲ್ ಫೋಟೋಸ್ ಮುಖಗಳನ್ನು ಗುಂಪು ಮಾಡುತ್ತದೆ, ಅಕ್ಕತಂಗಿಯರ ಎರಡು ಫೋಟೋ ತೋರಿಸಿ ಇಬ್ಬರೂ ಒಬ್ಬರೇನಾ ಅಂತ ಕೇಳುತ್ತದೆ, ಹಳೆಯ ನೆನಪು ಅಂತ ವಿಡಿಯೋ ಕಟ್ಟಿ ಕೊಡುತ್ತದೆ. ಯಾರ ಮುಖ ಜಾಸ್ತಿ ಬಂದಿದೆಯೋ ಅವರು ಮುಂದೆ. ಊರಲ್ಲಿರುವ ಅಜ್ಜ ವರ್ಷಕ್ಕೆ ಎರಡು ಫೋಟೋದಲ್ಲಿ ಬರುತ್ತಾನೆ, ಹಾಗಾಗಿ ಹಿಂದೆ. ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿ ನೆಲೆ ನಿಂತವರ ಮನೆಗಳಲ್ಲಿ ಎಲ್ಲರೂ ಒಟ್ಟಿಗಿರುವ ಒಂದೇ ಫೋಟೋ ಅಂದರೆ ವಿಡಿಯೋ ಕಾಲಿನ ಸ್ಕ್ರೀನ್‌ಶಾಟ್. ಆರು ಚೌಕ, ಒಂದರಲ್ಲಿ ಅಜ್ಜಿಯ ಹಣೆ ಮತ್ತು ಫ್ಯಾನು. ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟ. ಅದರಲ್ಲಿ ಯಾರಿಗೂ ಕುರ್ಚಿ ಇಲ್ಲ.

ಮಕ್ಕಳ ವಿಷಯ ಸ್ವಲ್ಪ ಗಂಭೀರ. ಸ್ನಾನ, ಅಳು, ಮಾರ್ಕ್ಸ್ ಕಾರ್ಡು, ಎಲ್ಲ ಸ್ಟೇಟಸ್‌ಗೆ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರನ್ನು ಮಕ್ಕಳು ಅನ್ನುತ್ತದೆ, ಅವರ ಮಾಹಿತಿ ಬಳಸುವುದಕ್ಕೆ ಕಂಪನಿಗಳು ತಂದೆತಾಯಿಯ ಒಪ್ಪಿಗೆ ಪಡೆಯಬೇಕು ಅನ್ನುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸಿದರೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಒಪ್ಪಿಗೆ ಕೊಡಬೇಕಾದವರೂ ನಾವೇ, ಫೋಟೋ ಹಾಕುವವರೂ ನಾವೇ. ಫ್ರಾನ್ಸ್ 2024ರಲ್ಲಿ ಒಂದು ಕಾನೂನು ತಂದು, ಮಗುವಿನ ಚಿತ್ರದ ಮೇಲೆ ಮಗುವಿಗೆ ಇರುವ ಹಕ್ಕನ್ನು ಕಾಪಾಡುವುದು ತಂದೆತಾಯಿ ಇಬ್ಬರ ಜವಾಬ್ದಾರಿ ಅಂತ ಬರೆಯಿತು. ನಮ್ಮಲ್ಲಿ ಕಾನೂನಿಗೆ ಕಾಯುವುದು ಬೇಡ. ಮಗುವಿಗೆ ಮಾತು ಬಂದ ಮೇಲೆ "ಇದನ್ನ ಹಾಕಲಾ?" ಅಂತ ಕೇಳುವುದಕ್ಕೆ ಏನು ಖರ್ಚು?

ಇನ್ನು ಎಐ. ಗೂಗಲ್‌ನ ಜೆಮಿನಿಯಲ್ಲಿ 2025ರ ಆಗಸ್ಟ್‌ನಲ್ಲಿ ಬಂದ, ಜನ ನ್ಯಾನೋ ಬನಾನಾ ಅಂತ ಕರೆಯುವ, ಹೇಳಿದ ಹಾಗೆ ಫೋಟೋ ತಿದ್ದಿಕೊಡುವ ಸೌಲಭ್ಯ ಕೆಲವೇ ವಾರದಲ್ಲಿ ನಮ್ಮ ವಾಟ್ಸ್ಯಾಪ್ ಗುಂಪುಗಳನ್ನೆಲ್ಲ ತುಂಬಿಬಿಟ್ಟಿತು. ಹಳೆಯ ಸಿನಿಮಾ ಹೀರೋಯಿನ್ನಿನಂತೆ ಸೀರೆ ಉಟ್ಟ ಫೋಟೋಗಳು ಒಂದು ಕಡೆ, ಸತ್ತ ಅಪ್ಪ ಬಂದು ಮಗಳ ತಲೆ ಸವರುವ ಫೋಟೋಗಳು ಇನ್ನೊಂದು ಕಡೆ. ಸತ್ತವರನ್ನು ಸೇರಿಸುವುದರ ಬಗ್ಗೆ ನನಗೆ ತಕರಾರಿಲ್ಲ. ರೆಪ್ಪೆಯ ಮೇಲೆ ಕಣ್ಣು ಬರೆದ ಕಾಲದಿಂದಲೂ ನಾವು ಮಾಡುತ್ತಿರುವುದೇ ಅದು, ಮನೆಯವರಿಗೆಲ್ಲ ಗೊತ್ತಿರುವ ಸುಳ್ಳು ಅದು. ಬದುಕಿರುವವರನ್ನು ಅಳಿಸುವುದು ಹಾಗಲ್ಲ. ಹಿಂದೆ ಕತ್ತರಿಯಿಂದ ಕತ್ತರಿಸಿದರೆ ಫೋಟೋದಲ್ಲಿ ತೂತು ಉಳಿಯುತ್ತಿತ್ತು. ಇಲ್ಲಿ ಯಾರೋ ಇದ್ದರು ಅಂತ ಆ ತೂತೇ ಹೇಳುತ್ತಿತ್ತು, ಮುಂದೊಂದು ದಿನ ಮೊಮ್ಮಗಳು "ಇವರು ಯಾರು?" ಅಂತ ಕೇಳುವುದಕ್ಕೆ ದಾರಿ ಇತ್ತು. ಈಗ ಆ ಜಾಗದಲ್ಲಿ ಪರದೆಯ ಬಣ್ಣ ನೀಟಾಗಿ ತುಂಬಿಕೊಳ್ಳುತ್ತದೆ. ಜಾತಿ ಮೀರಿ ಮದುವೆಯಾದ ಹೆಣ್ಣುಮಗಳು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ.

ಹಳೆಯ ಫೋಟೋ ರಿಪೇರಿ ಮಾಡಿಸುವವರಿಗೂ ಒಂದು ಮಾತು. ಮಸುಕಾದ ಮುಖವನ್ನು ಎಐ ಸ್ಪಷ್ಟ ಮಾಡುವುದು ಅಂದರೆ, ಅಲ್ಲಿ ಇಲ್ಲದ ವಿವರವನ್ನು ತಾನು ಕಲಿತ ಲಕ್ಷಾಂತರ ಮುಖಗಳ ಅಂದಾಜಿನಿಂದ ತುಂಬುವುದು. ಅಜ್ಜಿಯ ಮೂಗಿನ ಓರೆ ಸರಿಹೋಗುತ್ತದೆ, ಬಣ್ಣ ಒಂದು ಸುತ್ತು ಬೆಳ್ಳಗಾಗುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ. ನೋಡೋಕೆ ಚೆನ್ನಾಗಿರುತ್ತದೆ. ನಿಮ್ಮ ಅಜ್ಜಿಯಾಗಿರುವುದಿಲ್ಲ ಅಷ್ಟೆ. ಆ ಓರೆ ಮೂಗು ನಿಮ್ಮ ಮಗಳಿಗೂ ಬಂದಿದ್ದರೆ, ಅದು ಎಲ್ಲಿಂದ ಬಂತು ಅಂತ ತೋರಿಸುವುದಕ್ಕೆ ಇನ್ನು ಏನೂ ಉಳಿಯುವುದಿಲ್ಲ. ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಮೂಲ ಫೋಟೋವನ್ನು ಇದ್ದ ಹಾಗೇ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ, ಕಲೆ, ಮಡಿಕೆ ಸಮೇತ. ತಿದ್ದಿದ ಫೈಲಿಗೆ ಬೇರೆ ಹೆಸರು ಕೊಡಿ. ಯಾರನ್ನಾದರೂ ತೆಗೆಸಿದ್ದರೂ ಅಷ್ಟೇ, ಮೂಲ ಫೈಲ್ ಮಾತ್ರ ಅಳಿಸಬೇಡಿ. ಮನೆಯ ಸಿಟ್ಟುಗಳು ಎಷ್ಟೋ ಸಲ ಒಂದು ಮೊಮ್ಮಗು ಹುಟ್ಟಿದ ಕೂಡಲೇ ಇಳಿಯುತ್ತವೆ.

ಕಲರ್ ಫೋಟೋಗಳನ್ನು ಮೊದಲು ಎತ್ತಿಕೊಳ್ಳಿ. 1970, 80ರ ದಶಕದ ಕಲರ್ ಪ್ರಿಂಟುಗಳ ಬಣ್ಣ ಹಾರಿ ಕೆಂಪಗಾಗುತ್ತಿವೆ. ಅದಕ್ಕಿಂತ ಹಳೆಯ ಕಪ್ಪು ಬಿಳುಪಿನವು ಬೆಳ್ಳಿಯ ಅಂಶದಿಂದ ಮೂಡಿದವು, ಚೆನ್ನಾಗಿ ತೊಳೆದು ಮಾಡಿದ್ದರೆ ಇನ್ನೂ ಗಟ್ಟಿಯಾಗಿರುತ್ತವೆ. ಅಂಟು ಹಾಳೆಯ ಆಲ್ಬಂನಲ್ಲಿದ್ದರೆ ಜೋರಾಗಿ ಕೀಳಬೇಡಿ. ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಅವರ ಪಕ್ಕ ಕೂತು ಒಬ್ಬೊಬ್ಬರ ಹೆಸರು ಕೇಳಿ. ಗಂಡಸರ ಹೆಸರು ಥಟ್ಟನೆ ಬರುತ್ತದೆ. ಹೆಂಗಸರ ಹತ್ತಿರ ಬಂದಾಗ "ಮೇಷ್ಟ್ರ ಹೆಂಡತಿ", "ಶಿಡ್ಲಘಟ್ಟದ ಅತ್ತೆ", "ಮಾಲೂರಿಗೆ ಕೊಟ್ಟವಳು" ಅಂತ ಶುರುವಾಗುತ್ತದೆ. ಅಲ್ಲಿಗೇ ಬಿಡಬೇಡಿ, ಅವಳ ಹೆಸರು ಏನು ಅಂತ ಕೇಳಿ. ಹಳೆಯ ಫೋಟೋದ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ, ಎಡದಿಂದ ಬಲಕ್ಕೆ ಬರೆಯಿರಿ. ಕಲರ್ ಪ್ರಿಂಟಿನ ಹಿಂದೆ ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಒಂದು ಪೇಪರ್ ಕವರ್ ಮೇಲೆ ಬರೆದು, ಶಾಯಿ ಒಣಗಿದ ಮೇಲೆ ಫೋಟೋ ಒಳಗಿಡಿ.